ಹಿಂಬಾಗಿಲಿನಿಂದ ಒಳಗೆ ಬನ್ನಿ: ಕಡಲ ತೀರದ ಊರಿನಲ್ಲಿ ಹೋಟೆಲಿಗೆ ಬಾಡಿಗೆ ಜಾಗ ಹಿಡಿಯುವಾಗ

ಎಲ್ಲರಿಗೂ ನಮಸ್ಕಾರ.

ಕಡಲಿಗೆ ಮುಖ ಮಾಡಿದ ಜಾಗವನ್ನು ನಾನು ಮೊದಲ ಸಲ ಹಿಡಿದಾಗ ನೋಡಿದ್ದು ಕಿಟಕಿಯನ್ನು. ದೊಡ್ಡ ಗಾಜು, ಅದರಾಚೆ ನೀರು. ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಮಾಲೀಕರು ನನ್ನನ್ನು ಅಲ್ಲಿ ನಿಲ್ಲಿಸಿದರು. ಆ ಹೊತ್ತಿಗೆ ಅಲ್ಲಿ ಯಾರು ನಿಂತರೂ ಮನಸ್ಸು ಒಪ್ಪಿಬಿಡುತ್ತದೆ. ಮೂರೇ ದಿನದಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕಿದೆ.

ಹೋಟೆಲ್ ಶುರುವಾಗಿ ಎರಡನೇ ವಾರ. ಹುಣ್ಣಿಮೆ ರಾತ್ರಿ. ಪಾತ್ರೆ ತೊಳೆಯುವ ಹುಡುಗ ಓಡಿ ಬಂದು, "ಅಣ್ಣಾ, ಮೋರಿಯಿಂದ ನೀರು ಮೇಲೆ ಬರ್ತಾ ಇದೆ" ಅಂದ. ಹೋಗಿ ನೋಡಿದೆ. ನೆಲದ ಜಾಲರಿಯ ಕೆಳಗೆ ಗುಳುಗುಳು ಸದ್ದು. ಮೊದಲು ಗುಳ್ಳೆ ಬಂತು. ಆಮೇಲೆ ಹೆಪ್ಪುಗಟ್ಟಿದ ಜಿಡ್ಡಿನ ಬಿಳಿ ಚೂರುಗಳು. ಅದರ ಹಿಂದೆಯೇ ಕಪ್ಪು ನೀರು. ಹೊರಗೆ ಮೇಜುಗಳೆಲ್ಲ ತುಂಬಿದ್ದವು, ಒಳಗೆ ನಾವು ಗೋಣಿಚೀಲ ಹಾಸುತ್ತಿದ್ದೆವು. ಬೆಳಿಗ್ಗೆ ನೆಲ ಒಣಗಿದ ಮೇಲೆ ಟೈಲ್ಸ್ ಸಂದಿಯಲ್ಲಿ ಉಪ್ಪಿನ ಬಿಳಿ ಗೆರೆ ಉಳಿದಿತ್ತು. ಆಗ ಗೊತ್ತಾಯಿತು, ಬಂದದ್ದು ಸಮುದ್ರದ ನೀರು ಅಂತ.

ಕರಾರು ತೆಗೆದು ನೋಡಿದರೆ, "ಒಳಗಿನ ಪೈಪು ಮತ್ತು ಚರಂಡಿಯ ಎಲ್ಲ ಜವಾಬ್ದಾರಿ ಬಾಡಿಗೆದಾರರದು" ಅಂತ ಒಂದೇ ಸಾಲು. ಆ ಸಾಲನ್ನು ಓದಿಯೇ ನಾನು ಸಹಿ ಹಾಕಿದ್ದೆ.

ಅವತ್ತಿನಿಂದ ಯಾವ ಜಾಗ ನೋಡಲು ಹೋದರೂ ನಾನು ಹಿಂಬಾಗಿಲಿನಿಂದ ಒಳಗೆ ಹೋಗುತ್ತೇನೆ. ಇವತ್ತು ನಿಮಗೂ ಅದನ್ನೇ ಹೇಳಲು ಬಂದಿದ್ದೇನೆ. ಕಡಲ ನೋಟ ಗಿರಾಕಿಯನ್ನು ಕರೆತರುತ್ತದೆ, ನಿಜ. ಆದರೆ ಐದು ವರ್ಷ ಆದ ಮೇಲೂ ನೀವು ಅಲ್ಲಿರುತ್ತೀರಾ ಅನ್ನುವುದು ಹಿಂದುಗಡೆಯ ಮೋರಿ, ಹೊಗೆಯ ಡಕ್ಟ್, ತುಕ್ಕು ಹಿಡಿಯುವ ಬೋಲ್ಟು ಮತ್ತು ಇವುಗಳ ಬಗ್ಗೆ ಕರಾರಿನಲ್ಲಿ ಬರೆದ ನಾಲ್ಕು ಸಾಲುಗಳ ಮೇಲೆ ನಿಂತಿರುತ್ತದೆ.

ಮೋರಿಯ ವಿಷಯ ಮೊದಲು ಮುಗಿಸುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಹೆಚ್ಚು ಕಡಿಮೆ ಒಂದೇ ಸಾಲಿಗೆ ಬರುತ್ತವೆ. ಸೂರ್ಯ, ಚಂದ್ರ ಇಬ್ಬರ ಸೆಳೆತವೂ ಸೇರಿ ಉಬ್ಬರ ಜೋರಾಗುತ್ತದೆ. ಹಲವು ಕಡೆ ಅದರ ಪೂರ್ತಿ ಜೋರು ಒಂದೆರಡು ದಿನ ಕಳೆದು ಕಾಣುತ್ತದೆ. ಚಂದ್ರ ಭೂಮಿಗೆ ಹತ್ತಿರ ಇರುವಾಗಲೇ ಅಮಾವಾಸ್ಯೆಯೋ ಹುಣ್ಣಿಮೆಯೋ ಬಂದರೆ ನೀರು ಇನ್ನೂ ಮೇಲೇರುತ್ತದೆ. ನಿಮ್ಮ ಚರಂಡಿಯ ಪೈಪು ಹೊರಗೆ ಬೀಳುವ ಜಾಗ ಆ ಮಟ್ಟಕ್ಕಿಂತ ಕೆಳಗಿದ್ದರೆ, ನೀರಿಗೆ ನಿಮ್ಮ ಅಡುಗೆಮನೆಯೇ ದಾರಿ. ಪೈಪಿನ ಬಾಯಿಗೆ ಒಂದೇ ಕಡೆ ತೆರೆಯುವ ಮುಚ್ಚಳದ ವಾಲ್ವ್ ಹಾಕಿದರೆ ಇದನ್ನು ತಡೆಯಬಹುದು. ಆದರೆ ಮುಚ್ಚಳ ಮುಚ್ಚಿರುವಷ್ಟು ಹೊತ್ತು ನಿಮ್ಮ ನೀರೂ ಹೊರಗೆ ಹೋಗದು. ಅದಕ್ಕೆ ಒಳಗೊಂದು ತೊಟ್ಟಿ ಬೇಕು, ಪಂಪು ಬೇಕು, ಪಂಪಿಗೆ ಕರೆಂಟ್ ಬೇಕು. ಇಷ್ಟಕ್ಕೂ ಹಣ ಹಾಕುವವರು ಯಾರು? ಸಹಿಗೆ ಮೊದಲು ಕೇಳಿದರೆ ಮಾಲೀಕರು ಮಾತಿಗೆ ಬರುತ್ತಾರೆ. ಸಹಿಯಾದ ಮೇಲೆ ಯಾರೂ ಬರುವುದಿಲ್ಲ.

ಹಾಗಾಗಿ ಉಬ್ಬರದ ವೇಳಾಪಟ್ಟಿ ಹಿಡಿದು ಜಾಗ ನೋಡಲು ಹೋಗಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಮಧ್ಯಾಹ್ನ ಬಂದು ನೋಡಿ, ನೆಲ ಒಣಗಿದೆ ಅಂತ ಸಮಾಧಾನಪಟ್ಟರೆ ಏನೂ ತಿಳಿಯುವುದಿಲ್ಲ. ಹುಣ್ಣಿಮೆ ಕಳೆದ ಮಾರನೇ ದಿನ, ನೀರು ಪೂರ್ತಿ ಏರಿದ ಹೊತ್ತಿಗೆ ಹೋಗಿ ಜಾಲರಿ ಎತ್ತಿ ನೋಡಿ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಒಂದೇ ಎತ್ತರಕ್ಕೆ ಗೆರೆ ಬಿದ್ದಿದ್ದರೆ ಅದು ಹಳೆಯ ನೀರಿನ ಗುರುತು. ಹೊಸದಾಗಿ ಬಣ್ಣ ಬಳಿದಿದ್ದರೆ ಪಕ್ಕದ ಅಂಗಡಿಯ ಗೋಡೆ ನೋಡಿ. ಅವರು ಬಳಿದಿರುವುದಿಲ್ಲ.

ಗ್ರೀಸ್ ಟ್ರ್ಯಾಪ್, ಅಂದರೆ ಅಡುಗೆಮನೆಯ ನೀರಿನ ಜಿಡ್ಡನ್ನು ಹಿಡಿದಿಡುವ ತೊಟ್ಟಿ, ಎಲ್ಲಿದೆ ಅಂತಲೂ ಕೇಳಿ. ಜಿಡ್ಡು ಮತ್ತು ಗಸಿ ಸೇರಿ ತೊಟ್ಟಿಯ ಆಳದ ಕಾಲು ಭಾಗ ತುಂಬಿದರೆ ಖಾಲಿ ಮಾಡಬೇಕು ಅನ್ನುವುದು ಈ ಕಸುಬಿನ ಲೆಕ್ಕ. ಒಂದೇ ಟ್ರ್ಯಾಪ್ ಮೂರು ಹೋಟೆಲಿಗೆ ಇದ್ದರೆ, ಯಾವಾಗ ತೆಗೆಸಬೇಕು, ಯಾರು ಎಷ್ಟು ಕೊಡಬೇಕು ಅನ್ನುವುದು ಕಾಗದದ ಮೇಲೆ ಇರಲೇಬೇಕು.

ಈಗ ಹೊಗೆ. ಎಕ್ಸಾಸ್ಟ್ ಡಕ್ಟ್ ಚಾವಣಿಯವರೆಗೆ ಹೋಗಬೇಕಾದರೆ ಮೇಲಿನ ಮಹಡಿಗಳನ್ನು ದಾಟಬೇಕು. ಆ ದಾರಿ ನಿಮ್ಮ ಬಾಡಿಗೆಯ ಜಾಗದೊಳಗೆ ಬರುವುದಿಲ್ಲ. ಅದಕ್ಕೆ ಮಾಲೀಕರ ಒಪ್ಪಿಗೆ ಬೇರೆಯಾಗಿ, ಬರಹದಲ್ಲಿ, ನಕ್ಷೆಯ ಜೊತೆ ಇರಲಿ. ಇನ್ನೊಂದು ಸಂಗತಿ ಕಡಲ ಪಕ್ಕದಲ್ಲಿ ಮಾತ್ರ ಕಾಡುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ನೀರಿನ ಕಡೆಯಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ತಿರುಗಿ ನೆಲದಿಂದ ನೀರಿನ ಕಡೆಗೆ ಹೊರಡುತ್ತದೆ. ನಿಮ್ಮ ಅಡುಗೆಮನೆ ಹಿಂದೆ, ಕೂರುವ ಜಾಗ ಮುಂದೆ, ಸಮುದ್ರದ ಕಡೆಗೆ ಇದ್ದರೆ ಏನಾಗುತ್ತದೆ ನೋಡಿ. ಮಧ್ಯಾಹ್ನ ಹೊಗೆ ಹಿಂದಕ್ಕೆ ಹೋಗುತ್ತದೆ, ಎಲ್ಲ ಚೆನ್ನ. ರಾತ್ರಿ ಊಟದ ಹೊತ್ತಿಗೆ ಅದೇ ಎಣ್ಣೆ ಹೊಗೆ ನಿಮ್ಮ ಗಿರಾಕಿಗಳ ತಲೆ ಮೇಲೆ. ಜಾಗವನ್ನು ಹಗಲು ಒಮ್ಮೆ, ರಾತ್ರಿ ಹತ್ತರ ಸುಮಾರಿಗೆ ಒಮ್ಮೆ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ತುಕ್ಕಿನ ಬಗ್ಗೆ ಜನ ಮಾತಾಡುತ್ತಾರೆ, ಲೆಕ್ಕ ಹಾಕುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ಬಂದು ಎಲ್ಲದರ ಮೇಲೂ ಕೂರುತ್ತವೆ. ಗಾಳಿಯ ತೇವ ಶೇಕಡಾ 75ರ ಆಸುಪಾಸು ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಅಂದರೆ ಮಳೆ ಇಲ್ಲದಿದ್ದರೂ ನಿಮ್ಮ ಕಬ್ಬಿಣ ರಾತ್ರಿಯೆಲ್ಲ ಒದ್ದೆಯಾಗಿರುತ್ತದೆ. ಸ್ಟೀಲ್ ಅಂದಮಾತ್ರಕ್ಕೆ ನೆಮ್ಮದಿ ಇಲ್ಲ. ಅಡುಗೆಮನೆಗಳಲ್ಲಿ ಜಾಸ್ತಿ ಬಳಸುವ 304 ದರ್ಜೆಯ ಸ್ಟೀಲಿಗೂ ಕಡಲ ಗಾಳಿಯಲ್ಲಿ ಸೂಜಿ ಚುಚ್ಚಿದಂತೆ ಕಂದು ಚುಕ್ಕೆ ಏಳುತ್ತದೆ. 316 ದರ್ಜೆಯದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಅನ್ನುವ ಲೋಹ ಇರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಹೊರಗೆ ಇರುವ ಡಕ್ಟ್, ಬೋಲ್ಟು, ಕೈಹಿಡಿಗಳಿಗಾದರೂ ಅದನ್ನೇ ಹಾಕಿ. ಎಸಿಯ ಹೊರಗಿನ ಯೂನಿಟ್ಟಿನ ಅಲ್ಯುಮಿನಿಯಂ ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಬಿಳಿ ಪುಡಿಯಾಗಿ ಉದುರಿದರೆ ಆ ಯೂನಿಟ್ಟಿನ ಆಯಸ್ಸು ಮುಗಿಯುತ್ತಾ ಬಂದಿದೆ.

ಕರಾರಿನಲ್ಲಿ ರಿಪೇರಿ ಅನ್ನುವ ಪದ ಬಂದ ಕಡೆಯೆಲ್ಲ ನಿಲ್ಲಿ. ರಿಪೇರಿ ಬೇರೆ, ಹೊಸದು ಹಾಕಿಸುವುದು ಬೇರೆ. ಎಸಿಗೆ ಗ್ಯಾಸ್ ತುಂಬಿಸುವುದು ನಿಮ್ಮ ಕೆಲಸ ಇರಬಹುದು. ಹಳೆಯ ಎಸಿ ಸತ್ತರೆ ಹೊಸದನ್ನು ತರುವುದೂ ನಿಮ್ಮ ಕೆಲಸವೇ? ಕಾಂಕ್ರೀಟಿನ ಮಾತಂತೂ ಇನ್ನೂ ದೊಡ್ಡದು. ಉಪ್ಪು ಒಳಗೆ ಇಳಿದು ಸರಳಿಗೆ ತುಕ್ಕು ಹಿಡಿದರೆ, ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಾಲ್ಕನಿಯ ಅಡಿಯಲ್ಲಿ ಕಂದು ಕಲೆ, ಪದರ ಪದರವಾಗಿ ಬಿದ್ದ ಗಾರೆ ಕಂಡರೆ ಒಬ್ಬ ಇಂಜಿನಿಯರನ್ನು ಕರೆದು ತೋರಿಸಿ. ಕಂಬ, ತೊಲೆ, ಚಾವಣಿ, ಹೊರಗೋಡೆ ಮಾಲೀಕರದು ಅಂತ ಸ್ಪಷ್ಟವಾಗಿ ಬರೆಸಿ. ಬೀಗದ ಕೈ ತಗೊಂಡ ದಿನವೇ ಪ್ರತಿ ಮೂಲೆಯ ಫೋಟೋ ತೆಗೆದು, ಇಬ್ಬರೂ ಸಹಿ ಮಾಡಿ ಕರಾರಿಗೆ ಲಗತ್ತಿಸಿ. ಬಿಟ್ಟು ಹೋಗುವ ದಿನ ಡಿಪಾಸಿಟ್ ಉಳಿಸುವುದು ಆ ಫೋಟೋಗಳೇ.

ಇನ್ನು ಬಾಡಿಗೆ. ಕಡಲ ತೀರದ ಊರಿನ ವ್ಯಾಪಾರ ವರ್ಷವಿಡೀ ಒಂದೇ ಥರ ಇರುವುದಿಲ್ಲ, ಅಲ್ವಾ? ಸೀಸನ್‌ನಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಆಮೇಲೆ ತಿಂಗಳುಗಟ್ಟಲೆ ಕುರ್ಚಿಗಳು ಖಾಲಿ. ಅದಕ್ಕೇ ಹಲವರು ನಿಗದಿತ ಬಾಡಿಗೆಯ ಜೊತೆ ಮಾರಾಟದ ಪಾಲನ್ನೂ ಸೇರಿಸುತ್ತಾರೆ. ಇದರಲ್ಲಿ ಒಂದು ಸಣ್ಣ ಪದ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಅಂತ ತೋರಿಸುತ್ತೇನೆ. ಪೆನ್ನು ತಗೊಳ್ಳಿ.

ತಿಂಗಳ ಬಾಡಿಗೆ 100 ಅಂತ ಇಟ್ಟುಕೊಳ್ಳಿ. ಮಾರಾಟ ಒಂದು ಗೆರೆ ದಾಟಿದರೆ, ದಾಟಿದ ಭಾಗದಲ್ಲಿ ಶೇಕಡಾ 8 ಮಾಲೀಕರಿಗೆ. 100 ಅನ್ನು ಶೇಕಡಾ 8ರಿಂದ ಭಾಗಿಸಿದರೆ ಗೆರೆ 1,250ಕ್ಕೆ ಬರುತ್ತದೆ. ಸಾಮಾನ್ಯವಾಗಿ ಗೆರೆ ಎಳೆಯುವ ಕ್ರಮ ಇದು. ಈಗ ಸೀಸನ್ನಿನ ನಾಲ್ಕು ತಿಂಗಳು 2,000ದಂತೆ, ಉಳಿದ ಎಂಟು ತಿಂಗಳು 700ರಂತೆ ಮಾರಾಟ ಆಯಿತು ಅನ್ನಿ. ಲೆಕ್ಕ ತಿಂಗಳು ತಿಂಗಳಿಗೆ ಆದರೆ ಸೀಸನ್ನಿನ ಪ್ರತಿ ತಿಂಗಳೂ ಗೆರೆಯಿಂದ 750 ಮೇಲೆ ಹೋಗಿರುತ್ತದೆ. ಅದರ ಶೇಕಡಾ 8 ಅಂದರೆ 60. ನಾಲ್ಕು ತಿಂಗಳಿಗೆ 240 ಹೆಚ್ಚುವರಿ. ಅದೇ ಲೆಕ್ಕ ವರ್ಷಕ್ಕೊಮ್ಮೆ ಆದರೆ? ವರ್ಷದ ಗೆರೆ 15,000. ನಿಮ್ಮ ವರ್ಷದ ಮಾರಾಟ 13,600. ಗೆರೆ ಮುಟ್ಟಲೇ ಇಲ್ಲ. ಹೆಚ್ಚುವರಿ ಸೊನ್ನೆ.

ಅದೇ ಜಾಗ, ಅದೇ ಮಾರಾಟ. ತಿಂಗಳಿಗೆ ಅನ್ನುವ ಕಡೆ ವರ್ಷಕ್ಕೆ ಅಂತ ಬರೆಸಿದ್ದರೆ ಸುಮಾರು ಎರಡೂವರೆ ತಿಂಗಳ ಬಾಡಿಗೆಯಷ್ಟು ಹಣ ಉಳಿಯುತ್ತಿತ್ತು. ಬಾಡಿಗೆಯ ಖರ್ಚೆಲ್ಲ ಸೇರಿ ಮಾರಾಟದ ಶೇಕಡಾ 10ರೊಳಗೆ ಇರಬೇಕು ಅಂತ ಹೋಟೆಲ್ ನಡೆಸುವವರು ಹೇಳುವುದುಂಟು. ವರ್ಷದ ಲೆಕ್ಕದಲ್ಲಿ ನೀವು ಸುಮಾರು 9ರಲ್ಲಿ ಇರುತ್ತೀರಿ, ತಿಂಗಳ ಲೆಕ್ಕದಲ್ಲಿ ಹತ್ತೂವರೆ ದಾಟುತ್ತೀರಿ. ಮೇಂಟೆನೆನ್ಸ್, ತೆರಿಗೆ, ಇನ್ಶೂರೆನ್ಸಿನ ಪಾಲು ಇನ್ನೂ ಇದರಲ್ಲಿ ಸೇರಿಲ್ಲ. ಮಾರಾಟ ಅಂದರೆ ಯಾವುದು ಅಂತಲೂ ಬರೆಸಿ. ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಸಿಬ್ಬಂದಿಗೆ ಕೊಡುವ ಟಿಪ್ಸ್, ಡೆಲಿವರಿ ಕಂಪನಿ ಹಿಡಿದುಕೊಳ್ಳುವ ಕಮಿಷನ್ ಇವೆಲ್ಲ ನಿಮ್ಮ ಮಾರಾಟವಾಗಬಾರದು.

ಬಾಡಿಗೆ ಶುರುವಾಗುವ ದಿನ ಯಾವುದು? ಬೀಗದ ಕೈ ಕೊಟ್ಟ ದಿನವೋ, ಲೈಸೆನ್ಸ್ ಕೈಗೆ ಬಂದ ದಿನವೋ? ಇವೆರಡರ ನಡುವೆ ಅಡುಗೆಮನೆ ಕಟ್ಟುವ ತಿಂಗಳುಗಳು ಕಳೆದುಹೋಗುತ್ತವೆ. ಲೈಸೆನ್ಸ್ ಸಿಗದೇ ಹೋದರೆ ಮುಂಗಡ ವಾಪಸ್ ಪಡೆದು ಹೊರಗೆ ಬರುವ ದಾರಿಯೂ ಇರಲಿ. "ಹೊರಗೆ ಮರಳಿನ ಮೇಲೆ ಮೇಜು ಹಾಕಿಕೊಳ್ಳಿ, ಯಾರೂ ಕೇಳಲ್ಲ" ಅಂತ ಬಾಯಿಮಾತಿನಲ್ಲಿ ಹೇಳುವವರಿದ್ದಾರೆ. ಮರಳು ಬಹಳಷ್ಟು ಕಡೆ ಸಾರ್ವಜನಿಕರದು. ತನ್ನದಲ್ಲದ್ದನ್ನು ಮಾಲೀಕರು ಬಾಡಿಗೆಗೆ ಕೊಡಲು ಬರುವುದಿಲ್ಲ. ಆ ಮೇಜುಗಳನ್ನು ನಂಬಿ ಬಾಡಿಗೆ ಒಪ್ಪಬೇಡಿ, ಒಳಗಿನ ಕುರ್ಚಿಗಳಷ್ಟನ್ನೇ ಎಣಿಸಿ.

ಬಿರುಗಾಳಿಯ ಮಾತು. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಪ್ರವಾಹ ಸೇರಿಲ್ಲದೆ ಇರಬಹುದು, ಕೇಳಿ ತಗೊಳ್ಳಿ. ವ್ಯಾಪಾರ ನಿಂತ ನಷ್ಟಕ್ಕೆ ಕೊಡುವ ಪಾಲಿಸಿಗಳು ಸಾಮಾನ್ಯವಾಗಿ ಕಟ್ಟಡಕ್ಕೆ ಕಣ್ಣಿಗೆ ಕಾಣುವ ಹಾನಿ ಆಗಿರಬೇಕು ಅನ್ನುತ್ತವೆ. 2020ರಲ್ಲಿ ಕೋವಿಡ್‌ಗೆ ಬಾಗಿಲು ಮುಚ್ಚಿದಾಗ ಎಷ್ಟೋ ಹೋಟೆಲಿನವರಿಗೆ ಇದು ತಡವಾಗಿ ತಿಳಿಯಿತು. ಬಿರುಗಾಳಿಗೆ ರಸ್ತೆ ಬಂದ್ ಆಗಿ ಕಟ್ಟಡ ಹಾಗೇ ಉಳಿದರೂ ಅದೇ ಕಥೆ. ಕರಾರಿನಲ್ಲಿ ಪ್ರಕೃತಿ ವಿಕೋಪದ ಕಲಂ ಇದ್ದರೆ ಅದರ ಕೊನೆಯ ಸಾಲಿನವರೆಗೆ ಓದಿ. "ಬಾಡಿಗೆ ಪಾವತಿಗೆ ಇದು ಅನ್ವಯಿಸುವುದಿಲ್ಲ" ಅಂತ ಇದ್ದರೆ ಆ ಕಲಮಿನಿಂದ ನಿಮಗೆ ಪ್ರಯೋಜನ ಕಡಿಮೆ. ಜಾಗ ಬಳಸಲಾಗದ ದಿನಗಳಿಗೆ ಬಾಡಿಗೆ ಇಲ್ಲ, ಇಷ್ಟು ದಿನ ದಾಟಿದರೆ ಕರಾರು ಮುರಿಯಬಹುದು ಅಂತ ಸೇರಿಸಿ.

ಅವಧಿಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಡಕ್ಟ್, ಟೈಲ್ಸ್, ಗ್ಯಾಸ್ ಲೈನ್ ಯಾವುದನ್ನೂ ನೀವು ಕಿತ್ತುಕೊಂಡು ಹೋಗಲು ಆಗದು. ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ಹುಟ್ಟುತ್ತದೆ ಅಂತ ಮೊದಲು ನೋಡಿ, ಅದಕ್ಕಿಂತ ಕಡಿಮೆ ಅವಧಿಗೆ ಒಪ್ಪಬೇಡಿ. ನವೀಕರಣದ ಹಕ್ಕು ನಿಮ್ಮದಾಗಿರಲಿ, ಆಗಿನ ಬಾಡಿಗೆ ಹೇಗೆ ಏರುತ್ತದೆ ಅನ್ನುವುದೂ ಈಗಲೇ ತೀರ್ಮಾನವಾಗಲಿ. ನಡೆಯುತ್ತಿರುವ ಹೋಟೆಲನ್ನು ಮುಂದೆ ಇನ್ನೊಬ್ಬರಿಗೆ ಮಾರುವ ಹಾಗಾದರೆ, ಕರಾರನ್ನು ಅವರಿಗೆ ವರ್ಗಾಯಿಸಲು ಅವಕಾಶ ಬೇಕು. ಅದಿಲ್ಲದೆ ನೀವು ಕಟ್ಟಿದ ಹೆಸರಿಗೆ ಬೆಲೆ ಸಿಗುವುದಿಲ್ಲ.

ನನ್ನ ಆ ಮೊದಲ ಜಾಗದ ಮೋರಿಗೆ ಕೊನೆಗೆ ವಾಲ್ವ್ ಬಿತ್ತು, ತೊಟ್ಟಿಯೂ ಬಂತು. ಎಲ್ಲ ನನ್ನದೇ ಖರ್ಚಿನಲ್ಲಿ. ಕರಾರು ಮುಗಿದು ಬಿಟ್ಟು ಬಂದಾಗ ಎರಡೂ ಅಲ್ಲೇ ಉಳಿದವು. ನಿಮ್ಮಲ್ಲಿ ಕೆಲವರು ಕರಾರಿನ ಕರಡು ಪ್ರತಿ ತಂದಿದ್ದೀರಿ ಅಂತ ಗೊತ್ತು. ಚಹಾ ಕುಡಿದು ಬನ್ನಿ. ರಿಪೇರಿಯ ಕಲಂ ಇರುವ ಪುಟ ತೆಗೆದಿಟ್ಟುಕೊಳ್ಳಿ, ಅಲ್ಲಿಂದಲೇ ಒಂದೊಂದಾಗಿ ಓದೋಣ.