ಎಡಸುತ್ತು, ಬಲಸುತ್ತು

ನಮಸ್ಕಾರ. ಇದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ನನ್ನ ಮಾವನ ತೋಟ. ತೆಂಗಿನ ಮರದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. ಮಡಲುಗಳು ಸುತ್ತುತ್ತಾ ಮೇಲೆ ಹೋಗುತ್ತವೆ. ಈ ಮರದಲ್ಲಿ ಎಡಕ್ಕೆ, ಪಕ್ಕದ್ದರಲ್ಲಿ ಬಲಕ್ಕೆ. 1960ರ ದಶಕದಲ್ಲಿ ಟಿ. ಎ. ಡೇವಿಸ್ ಎನ್ನುವ ವಿಜ್ಞಾನಿ ಇದನ್ನೇ ಹಿಡಿದು ಕೂತಿದ್ದರು. ಹೆಚ್ಚುಕಡಿಮೆ ಅರ್ಧ ಮರ ಹಾಗೆ, ಅರ್ಧ ಹೀಗೆ. ತಾಯಿ ಮರ ಎಡಕ್ಕೆ ಸುತ್ತಿದರೆ ಸಸಿಯೂ ಎಡಕ್ಕೇ ಸುತ್ತಬೇಕೆಂದೇನಿಲ್ಲ.

ನಾನು ಓದುವ ಕೆಮಿಸ್ಟ್ರಿಯಲ್ಲಿ ಮಾತ್ರ ಕತೆ ಉಲ್ಟಾ. ಅಲ್ಲಿ ಕೆಲವೇ ಅಣುಗಳು ಉಳಿದವು ಸುತ್ತುವ ದಿಕ್ಕನ್ನೂ ತೀರ್ಮಾನಿಸಿಬಿಡುತ್ತವೆ.

ಪಾಲಿಮರ್ ಎಂದರೆ ಸಣ್ಣ ಅಣುಗಳು ಸಾಲಾಗಿ ಸೇರಿದ ಉದ್ದ ಸರಪಳಿ. ಪ್ಲಾಸ್ಟಿಕ್ ಕೊಡಪಾನದ ಪಾಲಿಮರ್ ಗಟ್ಟಿ ಬಂಧದ್ದು. ಇನ್ನೊಂದು ಜಾತಿಯ ಪಾಲಿಮರ್ ಇದೆ. ಅದರ ಅಣುಗಳು ದ್ರಾವಣದಲ್ಲಿ ತಾವಾಗಿಯೇ ಸೇರಿಕೊಳ್ಳುತ್ತವೆ, ಬಿಸಿ ಮಾಡಿದರೆ ಬಿಟ್ಟುಕೊಳ್ಳುತ್ತವೆ. ಬಿಟಿಎ ಎಂಬ ಅಣುವನ್ನೇ ತಗೊಳ್ಳಿ. ನಡುವೆ ಬೆಂಝೀನ್ ಉಂಗುರ, ಸುತ್ತ ಮೂರು ಅಮೈಡ್ ತೋಳು. ಒಂದರ ಮೇಲೊಂದು ಕೂರುವಾಗ ತೋಳುಗಳ ಮಧ್ಯೆ ಹೈಡ್ರೋಜನ್ ಬಂಧ ಬೀಳುತ್ತದೆ. ತೋಳುಗಳೆಲ್ಲ ಒಂದೇ ಕಡೆ ವಾಲುವುದರಿಂದ ಇಡೀ ಕಂಬ ಸುರುಳಿಯಾಗುತ್ತದೆ. ಯಾವ ಕಡೆಗೆ? ನಮ್ಮ ಎಡಗೈ-ಬಲಗೈಯಂತೆ ಕೆಲವು ಅಣುಗಳಿಗೂ ಒಂದಕ್ಕೊಂದು ಕನ್ನಡಿ ಬಿಂಬದಂಥ ಎರಡು ರೂಪ ಇರುತ್ತದೆ. ಅಣುವಿಗೆ ಈ ಎಡಗೈ-ಬಲಗೈ ಭೇದ ಇಲ್ಲದಿದ್ದರೆ ಎರಡೂ ಸಮ ಸಮ.

ಈಗ ಅದಕ್ಕೆ ಒಂದೇ ಕೈಯ ಅಣುಗಳನ್ನು ಸ್ವಲ್ಪವೇ ಬೆರೆಸಿ. ಭೇದವಿಲ್ಲದ ಅಣುಗಳೂ ಅವು ಸುತ್ತುವ ಕಡೆಗೇ ಸುತ್ತುತ್ತವೆ. ಸುರುಳಿ ನಡುವೆ ದಿಕ್ಕು ಬದಲಿಸುವುದಕ್ಕೆ ಜಾಸ್ತಿ ಶಕ್ತಿ ಬೇಕು, ಅದಕ್ಕೇ. ವಿಜ್ಞಾನಿಗಳು ಇದನ್ನು 'ಸಾರ್ಜೆಂಟ್ ಮತ್ತು ಸೈನಿಕರು' ಎನ್ನುತ್ತಾರೆ. ಎರಡೂ ಕೈಯ ಅಣುಗಳನ್ನು ಬೆರೆಸಿದರೆ, ಸ್ವಲ್ಪ ಜಾಸ್ತಿ ಇರುವವು ಉಳಿದವನ್ನೂ ತಮ್ಮ ಕಡೆಗೆ ಎಳೆಯುವುದುಂಟು. ಪಂಚಾಯತ್ ಚುನಾವಣೆಯಂತೆಯೇ, ಅಲ್ವಾ?

ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಮೈಯರ್ ಅವರ ತಂಡ 2011ರಲ್ಲಿ ಇನ್ನೂ ಸೂಕ್ಷ್ಮಕ್ಕೆ ಹೋಯಿತು. ತೋಳಿನಲ್ಲಿ ಹೈಡ್ರೋಜನ್ ಇರುವ ಜಾಗಕ್ಕೆ ಡ್ಯೂಟೀರಿಯಂ ಹಾಕಿದರು. ಅದೂ ಹೈಡ್ರೋಜನ್ನೇ, ಒಂದು ನ್ಯೂಟ್ರಾನ್ ಜಾಸ್ತಿ ಅಷ್ಟೇ. ಅಷ್ಟಕ್ಕೇ ಸುರುಳಿಗಳು ಒಂದೇ ಕಡೆಗೆ ಸುತ್ತತೊಡಗಿದವು! ಗೊತ್ತಾದದ್ದು ಸರ್ಕ್ಯುಲರ್ ಡೈಕ್ರಾಯಿಸಂ ಯಂತ್ರದಲ್ಲಿ. ಎಡಕ್ಕೆ ಸುತ್ತುವ ಬೆಳಕು, ಬಲಕ್ಕೆ ಸುತ್ತುವ ಬೆಳಕು, ಇವುಗಳಲ್ಲಿ ಯಾವುದನ್ನು ದ್ರಾವಣ ಹೆಚ್ಚು ಹೀರುತ್ತದೆ ಎಂದು ಅದು ಅಳೆಯುತ್ತದೆ. ಎರಡೂ ಸಮ ಇದ್ದರೆ ಗ್ರಾಫ್ ಸಪಾಟು. ಸುಮ್ನೆ ನೋಡಿದರೆ ಬಾಟಲಿಯಲ್ಲಿ ಇರುವುದು ತಿಳಿ ನೀರಿನಂಥ ದ್ರಾವಣ.

ದೂರದ ಮಾತೆಂದುಕೊಳ್ಳಬೇಡಿ. ತೆಂಕಲಾಗಿ ತಿರುವನಂತಪುರದ ನಿಸ್ಟ್ ಎಂಬ ಸಂಶೋಧನಾ ಸಂಸ್ಥೆ, ಅತ್ತ ಬೆಂಗಳೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರ, ಎರಡೂ ಕಡೆ ಇಂಥ ಪಾಲಿಮರ್‌ಗಳ ಮೇಲೆ ಒಳ್ಳೆ ಕೆಲಸ ನಡೆದಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಪಾನಿನ ಐದಾ ಅವರ ತಂಡದ 2015ರ ಪ್ರಯೋಗ. ಎರಡೂ ಕೈಯ ಅಣುಗಳು ಬೆರೆತ ದ್ರಾವಣಕ್ಕೆ ಅವರು ಒಂದೇ ಕೈಯ 'ಬೀಜ'ದಣು ಹಾಕಿದರು. ತನಗೆ ಹೊಂದುವ ಕೈಯ ಅಣುಗಳನ್ನು ಮಾತ್ರ ಸೇರಿಸಿಕೊಂಡು ಸರಪಳಿ ಬೆಳೆಯಿತು. 1848ರಲ್ಲಿ ಪಾಶ್ಚರ್ ಎಡ-ಬಲ ಹರಳುಗಳನ್ನು ಒಂದೊಂದಾಗಿ ಕೈಯಲ್ಲೇ ಹೆಕ್ಕಿ ಬೇರೆ ಮಾಡಿದ್ದರು. ಇಲ್ಲಿ ಹೆಕ್ಕುವ ಕೆಲಸವನ್ನು ಬೆಳೆಯುವ ಸರಪಳಿಯೇ ಮಾಡಿತು.