ಪಂಪಿನ ಗವರ್ನರ್ ಸ್ಪ್ರಿಂಗ್: ಜೋಡಿಯಾಗೇ ಬದಲಾಯಿಸಿ

ಎಲ್ರಿಗೂ ನಮಸ್ಕಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆ ಲಾರಿ ಓಡ್ಸೋರು, ಲಾರಿ ಓನರ್‌ಗಳು, ಗ್ಯಾರೇಜಲ್ಲಿ ಕೆಲಸ ಕಲೀತಿರೋ ಹುಡುಗ್ರು, ನಿಮ್ಮ ಹತ್ರಾನೇ ಇವತ್ತು ಮಾತು. ಇಂಜಿನ್ನಿಗೆ ಡೀಸೆಲ್ ಕೊಡೋ ಪಂಪ್ ಒಳಗೆ, ಇಂಜಿನ್ ಸ್ಪೀಡ್ ಹದ್ದಲ್ಲಿಡೋ ಗವರ್ನರ್ ಇರುತ್ತಲ್ಲ, ಅದರ ಸ್ಪ್ರಿಂಗ್ ವಿಚಾರ. ಮೊದ್ಲೇ ಹೇಳ್ಬಿಡ್ತೀನಿ, ಒಂದೇ ಕಡೆ ಸ್ಪ್ರಿಂಗ್ ಹಾಕ್ಬೇಡಿ, ಎರಡೂ ಕಡೆ ಸೆಟ್ಟಾಗಿ ಹಾಕಿ, ಹಾಕಿದ್ಮೇಲೆ ಪಂಪನ್ನ ಟೆಸ್ಟ್ ಬೆಂಚಿಗೆ, ಅಂದ್ರೆ ಪಂಪನ್ನ ತಿರುಗಿಸಿ ಅಳತೆ ನೋಡೋ ಮೆಷಿನ್ನಿಗೆ ಕೊಡಿ.

ಗವರ್ನರ್ ಅಂದ ತಕ್ಷಣ ಎಫ್‌ಸಿಗೆ, ಅಂದ್ರೆ ಗಾಡಿ ಫಿಟ್ನೆಸ್ ಸರ್ಟಿಫಿಕೇಟಿಗೆ ಹೋದಾಗ ನೋಡ್ತಾರಲ್ಲ, 80 ಕಿಲೋಮೀಟರ್ ಸ್ಪೀಡಿಗೆ ಕಟ್ ಆಗೋ ಸ್ಪೀಡ್ ಗವರ್ನರ್, ಅದು ಅನ್ಕೋಬೇಡಿ. ಅದೇ ಬೇರೆ. ಇದು ಪಂಪಿನ ಹಿಂದುಗಡೆ ಡಬ್ಬದಲ್ಲಿರುತ್ತೆ. ಹಳೇ ಮೈಕೋ ಪಂಪ್‌ಗಳು, 2008ರಿಂದ ಬಾಷ್ ಅಂತ ಹೆಸರು ಬಂತು, ಅದರಲ್ಲಿ ನಾನು ಹೇಳ್ತಿರೋ ಮಾದರೀಲಿ ಕ್ಯಾಮ್‌ಶಾಫ್ಟ್ ತುದೀಲಿ ಎರಡು ವೇಟ್ ತಿರುಗ್ತಿರುತ್ತೆ. ಇಂಜಿನ್ ಜೋರಾದ್ರೆ ವೇಟ್ ಹೊರಗೆ ಹೋಗುತ್ತೆ, ಡೀಸೆಲ್ ಹೆಚ್ಚುಕಮ್ಮಿ ಮಾಡೋ ಸರಳು, ಅಂದ್ರೆ ರ್ಯಾಕ್ ಎಳೆಯುತ್ತೆ, ಡೀಸೆಲ್ ಕಮ್ಮಿಯಾಗುತ್ತೆ. ವೇಟನ್ನ ಹೊರಗೆ ಹೋಗದಂಗೆ ತಡೆಯೋದೇ ಸ್ಪ್ರಿಂಗ್. ಒಂದೊಂದು ವೇಟಲ್ಲೂ ಒಂದರೊಳಗೊಂದು ಸ್ಪ್ರಿಂಗ್ ಇರುತ್ತೆ, ಹೊರಗಿಂದು ಐಡ್ಲಿಂಗಿಗೆ, ಅಂದ್ರೆ ಆಕ್ಸಿಲೇಟರ್ ಒತ್ತದೆ ಇಂಜಿನ್ ನಿಧಾನಕ್ಕೆ ಓಡೋದಕ್ಕೆ, ಒಳಗಿನವು ಫುಲ್ ಸ್ಪೀಡಲ್ಲಿ ಕಟ್ ಮಾಡೋದಕ್ಕೆ. ಎರಡು ವೇಟ್ ಅಂದ್ರೆ ನೊಗಕ್ಕೆ ಕಟ್ಟಿದ ಜೋಡೆತ್ತು ಇದ್ದಂಗೆ, ಒಂದು ಮುಂದೆ ಎಳೆದು ಇನ್ನೊಂದು ಹಿಂದೆ ಉಳಿದ್ರೆ ಗಾಡಿ ನೆಟ್ಟಗೆ ಹೋಗಲ್ಲ.

ಟೊಮೆಟೊ ಸೀಸನ್ನಲ್ಲಿ ನಡೆದಿದ್ದು ಹೇಳ್ತೀನಿ. ಎಪಿಎಂಸಿಯಿಂದ ಚೆನ್ನೈಗೆ ಲೋಡ್ ಹೊಡೆಯೋ ಹುಡುಗ ಒಬ್ಬ ಬಂದ. "ಅಣ್ಣಾ, ಪಿಕಪ್ ಇಲ್ಲ ಅಂತ ರೋಡ್ ಸೈಡಲ್ಲಿ ಸ್ಪ್ರಿಂಗ್ ಹಾಕ್ಸಿದೆ, ಮೊದ್ಲು ಸೂಪರಾಗಿ ಓಡ್ತು, ಈಗ ನಿಂತಲ್ಲೇ ಇಂಜಿನ್ ಸ್ಪೀಡ್ ಏರ್ತದೆ ಇಳೀತದೆ, ಏನ್ ಮಾಡಿದ್ರೂ ನಿಲ್ತಿಲ್ಲ" ಅಂದ. ಪಂಪ್ ಇಳಿಸಿ ಗವರ್ನರ್ ಕವರ್ ಬಿಚ್ಚಿದೆ. ಒಂದು ವೇಟಲ್ಲಿ ಎಣ್ಣೆ ಹಿಡಿದು ಕಪ್ಪಾದ ಹಳೇ ಸ್ಪ್ರಿಂಗ್, ಇನ್ನೊಂದ್ರಲ್ಲಿ ಫಳಫಳ ಹೊಳೆಯೋ ಹೊಸದು, ಅದರ ತಂತಿನೇ ದಪ್ಪ! ಸ್ಪ್ರಿಂಗನ್ನ ಒತ್ತಿ ಹಿಡಿಯೋ ನಟ್ ಕೂಡ ಒಂದು ಮೇಲೆ ಒಂದು ಕೆಳಗೆ. ಹಳೇದನ್ನ ಬಿಚ್ಚಿ ಗಾಜಿನ ಮೇಲೆ ನಿಲ್ಲಿಸಿ ಅವನಿಗೇ ತೋರಿಸ್ದೆ, ಒಂದು ಕಡೆಗೆ ವಾಲ್ತಿತ್ತು, ಹೊಸಾ ಸೆಟ್ಟಿಂದ ಅದೇ ಸ್ಪ್ರಿಂಗ್ ತಂದು ಪಕ್ಕದಲ್ಲಿಟ್ರೆ ಕಣ್ಣಿಗೇ ಕಾಣೋಷ್ಟು ಗಿಡ್ಡ. ದಪ್ಪ ಸ್ಪ್ರಿಂಗ್ ಹಾಕಿದ್ದಕ್ಕೆ ಡೀಸೆಲ್ ಕಟ್ ಆಗ್ಬೇಕಾದ ಕಡೆ ಕಟ್ ಆಗದೆ ಇಂಜಿನ್ ಸ್ಪೀಡ್ ಮಿತಿ ಮೀರಿ ಹೋಗಿತ್ತು, ಟ್ಯಾಪೆಟ್ ಕವರ್ ತೆಗೆದ್ರೆ ವಾಲ್ವ್ ತೆರೆಸೋ ಪುಶ್ ರಾಡ್ ಬಾಗಿತ್ತು. ಇನ್ನೂ ಸ್ವಲ್ಪ ದಿನ ಓಡ್ಸಿದ್ರೆ ವಾಲ್ವ್ ಪಿಸ್ಟನ್‌ಗೆ ಹೊಡೆಯೋದು. ಹೊಟ್ಟೆ ಉರಿಯೋ ವಿಷ್ಯ ಏನ್ ಗೊತ್ತಾ, ಪಿಕಪ್ ಇಲ್ದೇ ಇದ್ದಿದ್ದಕ್ಕೂ ಸ್ಪ್ರಿಂಗಿಗೂ ಸಂಬಂಧನೇ ಇರ್ಲಿಲ್ಲ, ಡೀಸೆಲ್ ಫಿಲ್ಟರ್ ಕಟ್ಕೊಂಡಿತ್ತು. ಫಿಲ್ಟರ್ ಹಾಕಿ, ಎರಡೂ ಕಡೆ ಹೊಸಾ ಸೆಟ್ ಹಾಕಿ, ಬೆಂಚಲ್ಲಿ ನೋಡಿ ಕಳಿಸ್ದೆ. ಅಷ್ಟರಲ್ಲಿ ಪಾಪ ಅವನ ಎಷ್ಟೋ ಲೋಡು ಬೇರೆಯವರ ಪಾಲಾಗಿತ್ತು.

ಅದಕ್ಕೇ ಪಿಕಪ್ ಇಲ್ಲ ಅಂದ್ರೆ ಮೊದ್ಲು ಫಿಲ್ಟರ್ ನೋಡಿ, ಡೀಸೆಲ್ ಲೈನಲ್ಲಿ ಏರ್ ಎಳೀತಿದೆಯಾ ನೋಡಿ, ಏರ್ ಕ್ಲೀನರ್, ನಾಜಲ್ ನೋಡಿ. ಇಷ್ಟೂ ಸರಿಯಿದ್ರೆ ಮಾತ್ರ ಗವರ್ನರ್ ಸೀಲಿಗೆ ಕೈ ಹಾಕಿ. ಸ್ಪ್ರಿಂಗನ್ನ ಎಳೆದು ಉದ್ದ ಮಾಡೋದು, ಅಂದಾಜಲ್ಲಿ ಶಿಮ್, ಅಂದ್ರೆ ತೆಳು ಬಿಲ್ಲೆ ತುಂಬೋದು, ಹಾರ್ಡ್‌ವೇರ್ ಅಂಗಡೀಲಿ ಸೈಜ್ ನೋಡಿ ತರೋದು, ಇವೆಲ್ಲ ದಯವಿಟ್ಟು ಬೇಡ. ಗವರ್ನರ್ ಪ್ಲೇಟ್ ಮೇಲೆ ನಂಬರ್ ಹೊಡೆದಿರ್ತಾರೆ, ಅದನ್ನ ತೋರಿಸಿ ಸೆಟ್ ತನ್ನಿ, ಎರಡೂ ನಟ್ ಒಂದೇ ಮಟ್ಟಕ್ಕೆ ಕೂರ್ಸಿ. ಬೆಂಚ್ ಯಾಕೆ ಅಂತ ಕೇಳ್ತಾರೆ. ಇಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗಿದ್ರೆ ಪಂಪ್ ತಿರುಗೋದು 1200, ಎಷ್ಟು ಸುತ್ತಿಗೆ ರ್ಯಾಕ್ ಎಷ್ಟು ಹಿಂದೆ ಬರ್ಬೇಕು ಅಂತ ಚಾರ್ಟ್ ಇದೆ, ಅದನ್ನ ಕಿವೀಲಿ ಸೌಂಡ್ ಕೇಳಿ ಯಾರೂ ಹೇಳೋಕಾಗಲ್ಲ, ಎಂಥಾ ಮೇಸ್ತ್ರಿ ಆದ್ರೂ ಅಷ್ಟೇ.

ಟೈಮ್ ಆಯ್ತು ಅಂತ ಸನ್ನೆ ಮಾಡ್ತಿದ್ದಾರೆ. ಬೇಗ ಹೇಳ್ತೀನಿ. ಹೊಗೆ ನಿಯಮದ ಬಿಎಸ್-6 ಹೊಸಾ ಗಾಡೀಲಿ ಈ ಸ್ಪ್ರಿಂಗ್ ಇಲ್ಲ, ಅಲ್ಲಿ ಎಲ್ಲಾ ಕಂಪ್ಯೂಟರ್ರೇ, ಹುಡುಕ್ಬೇಡಿ. ಇಳಿಜಾರಲ್ಲಿ ಚಕ್ರನೇ ಇಂಜಿನ್ನ ತಿರುಗಿಸುತ್ತೆ, ಗವರ್ನರ್ ಡೀಸೆಲ್ ಕಟ್ ಮಾಡಿದ್ರೂ ಇಂಜಿನ್ ಓವರ್ ಸ್ಪೀಡ್ ಆಗುತ್ತೆ, ಅಲ್ಲಿ ಗೇರ್ ನಿಮ್ಮ ಕೈಲೇ ಇರ್ಲಿ. ಆಮೇಲೆ ಪಂಪ್ ಕೂರ್ಸಿ ಮೊದಲ ಸ್ಟಾರ್ಟ್ ಹೊಡೆಯೋವಾಗ ಒಬ್ಬರು ಸ್ಟಾಪ್ ಲಿವರ್ ಹತ್ರ ನಿಂತಿರಿ, ಇನ್ನೊಬ್ಬರು ಏರ್ ಕ್ಲೀನರ್ ಪೈಪ್ ಬಿಚ್ಚಿಟ್ಟು, ಇಂಜಿನ್ ಗಾಳಿ ಎಳೆಯೋ ಬಾಯಿ ಮುಚ್ಚೋಕೆ ದಪ್ಪ ಹಲಗೆ ಹಿಡ್ಕೊಂಡು ರೆಡಿ ಇರಿ. ರ್ಯಾಕ್ ಜಾಮ್ ಆಗಿದ್ರೆ ಲಿವರ್ ಎಳೆದ್ರೂ ಇಂಜಿನ್ ನಿಲ್ಲಲ್ಲ, ಗಾಳಿ ಕಟ್ ಮಾಡಿದ್ರೆ ನಿಲ್ಲುತ್ತೆ. ಅಂಗೈ ಮಾತ್ರ ಅಡ್ಡ ಇಡ್ಬೇಡಿ. ನಮಸ್ಕಾರ.