ಬೀದರ್: ನಾಲಿಗೆ ಗುರುತು ಹಿಡಿಯೋ ಮಣ್ಣು

ಈ ವಿಡಿಯೋದಲ್ಲಿ ಈಗ ನೀವು ನೋಡಿದ್ದು ನಿಜ. ಬಿದ್ರಿ ಕೆಲಸ ಮಾಡೋ ಚಾಚಾ ಒಂದು ಚಿಟಿಕೆ ಮಣ್ಣನ್ನ ನಾಲಿಗೆ ಮೇಲೆ ಇಟ್ಕೊಂಡ್ರು, ಕಣ್ಣು ಮುಚ್ಚಿ ಸುಮ್ಮನೆ ಕೂತ್ರು, ಆಮೇಲೆ "ಹೂಂ, ಇದು ಆಗ್ತದ" ಅಂದ್ರು.

ನಾನು ಬೀದರಿಗೆ ಬಂದಿದ್ದು ಕೋಟೆ ನೋಡೋಕೆ. ರಾತ್ರಿ ರೈಲು ಇಳಿದು, ಸ್ನಾನ ಮುಗಿಸಿ, ಊರ ನಡುವಿನ ಗೋಪುರ ಚೌಬಾರದ ಆಸುಪಾಸಿನ ಗಲ್ಲಿಯಲ್ಲಿ ಟಿಕ್ ಟಿಕ್ ಸದ್ದು ಕೇಳಿ ಒಳಗೆ ಇಣುಕಿದೆ, ಅಷ್ಟೇ. ಅಲ್ಲಿಂದ ಮುಂದೆ ಎರಡು ದಿನ ಎಲ್ಲಿಗೆ ಹೋದ್ರೂ ಈ ಮಣ್ಣಿನ ಹಿಂದೇನೇ ಹೋದೆ.

ಬಿದ್ರಿ ಅಂದ್ರೆ ಕರೀ ಲೋಹದಲ್ಲಿ ಬೆಳ್ಳಿ ಕೂರಿಸೋ ಬೀದರಿನ ಕುಸುರಿ. ಆ ಸಾಮಾನು ಹುಟ್ಟುವಾಗ ಕಪ್ಪಗಿರಲ್ಲ. ಸುಮಾರು 16 ಪಾಲು ಸತು, 1 ಪಾಲು ತಾಮ್ರ ಕರಗಿಸಿ ಅಚ್ಚಿಗೆ ಹೊಯ್ತಾರೆ. ಬರೋದು ಬೂದು ಬಣ್ಣದ ಲೋಹ. ಅದಕ್ಕೆ ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದ್ರೆ ಸ್ವಲ್ಪ ಹೊತ್ತಿಗೆ ಮೇಲ್ಮೈ ಕಪ್ಪಾಗುತ್ತೆ. ಆ ಕಪ್ಪಿನ ಮೇಲೆ ಉಳಿಯಿಂದ ಗೆರೆ ಕೊರೆದ್ರೆ ಗೆರೆ ಬೆಳ್ಳಗೆ ಕಾಣುತ್ತೆ. ಚಾಚಾ ಚಿತ್ರವನ್ನ ಮೊದಲು ಬರ್ಕೊಳ್ಳಲೇ ಇಲ್ಲ, ಹೂವು ನೇರವಾಗಿ ಕೈಯಿಂದಲೇ ಬಂತು. ಆಮೇಲೆ ಆ ಗೆರೆಯೊಳಗೆ ಕೂದಲೆಳೆಯಂಥ ಬೆಳ್ಳಿ ತಂತಿ ಕೂರಿಸಿ, ಪುಟ್ಟ ಸುತ್ತಿಗೆಯಲ್ಲಿ ತಟ್ಟೋದು. ನಾನು ಕೇಳಿದ ಟಿಕ್ ಟಿಕ್ ಅದೇ.

ತಂತಿ ಕೂರಿಸಿ ಉಜ್ಜಿದ್ರೆ ಆ ಕಪ್ಪು ಹೋಗಿ ಲೋಹ ಮತ್ತೆ ಬೂದು. ಉಳಿಯೋ ಕಪ್ಪು ಕೊಡೋಕೆ ಕೊನೆಗೆ ಬರೋದೇ ಮಣ್ಣು. ಅದೂ ಕೋಟೆಯೊಳಗಿನ ಹಳೇ ಕಟ್ಟಡಗಳ ಮಣ್ಣು. "ಹೊರಗಿನ ಮಣ್ಣು ನಡೆಯಂಗಿಲ್ರಿ ಅಕ್ಕಾರ," ಅಂದ್ರು ಚಾಚಾ. "ಇದು ಎಷ್ಟೋ ವರ್ಷದಿಂದ ಬಿಸಿಲು, ಮಳಿ ಕಂಡಿಲ್ಲ. ಅದಕ್ಕೇ ಇದ್ರಾಗ ಆ ಖಾರ ಅದ."

ಹಾಗಾಗಿ ಕೋಟೆಗೆ ಹೋದಾಗ ನಾನು ತಲೆ ಎತ್ತಿದ್ದಕ್ಕಿಂತ ತಗ್ಗಿಸಿದ್ದೇ ಜಾಸ್ತಿ. ಈ ಕಂದಕ ನೋಡಿ. ಮೂರು ಸಾಲು ಕಂದಕ, ನಡುವೆ ಗೋಡೆ ಥರ ಎರಡು ದಿಬ್ಬ. ಆ ದಿಬ್ಬಗಳನ್ನ ಯಾರೂ ಕಟ್ಟಿದ್ದಲ್ಲ. ಇಡೀ ನೆಲವನ್ನ ಕೊರೆದು, ಅಷ್ಟನ್ನ ಹಾಗೇ ಬಿಟ್ಟಿದ್ದಾರೆ. ಕಲ್ಲು ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮನೆ ಕಟ್ಟೋ ಜಂಬಿಟ್ಟಿಗೆಯ ಜಾತಿಯದೇ. 600 ಕಿಲೋಮೀಟರ್ ದೂರ ಬಂದು ನಮ್ಮ ಹಿತ್ತಿಲ ಗೋಡೆಯ ಕಲ್ಲನ್ನ ಮುಟ್ಟಿದಾಗ ಗಂಟಲು ಕಟ್ಟಿತು.

ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನ ಇಲ್ಲಿಗೆ ತಂದ. ಆದ್ರೆ ಕೋಟೆಯೊಳಗಿನ ಅರಮನೆ ರಂಗೀನ್ ಮಹಲ್‌ನ ಅಂದ ಆಮೇಲೆ ಬಂದ ಬರೀದ್ ಶಾಹಿ ಸುಲ್ತಾನರದು. ನಾವು ಹೋದಾಗ ಬೀಗ ಹಾಕಿತ್ತು, ಕೇಳಿಕೊಂಡ ಮೇಲೆ ತೆಗೆದ್ರು. ಒಳಗೆ ಕರೀ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನ ಬಳ್ಳಿಬಳ್ಳಿಯಾಗಿ ಕೂರಿಸಿದ್ದಾರೆ. ಕಪ್ಪಿನೊಳಗೆ ಬಿಳುಪು! ಬೆಳಿಗ್ಗೆ ಚಾಚಾನ ಕೈಯಲ್ಲಿ ಕಂಡದ್ದೇ ಇಲ್ಲಿ ಗೋಡೆಯಲ್ಲಿತ್ತು. ಮೊಬೈಲ್ ಟಾರ್ಚ್ ಹಿಡಿದಾಗ ಚಿಪ್ಪು ಹಸಿರು, ಗುಲಾಬಿ ಹೊಡೀತಿತ್ತು, ಕ್ಯಾಮೆರಾದಲ್ಲಿ ಅದು ಅರ್ಧಾನೂ ಬಂದಿಲ್ಲ.

ಕೋಟೆಯ ಆ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಇನ್ನೊಂದು ಗುಣ ಇದೆ. ಮೈತುಂಬ ತೂತು, ಮಳೆ ನೀರನ್ನ ಕುಡಿದುಬಿಡುತ್ತೆ. ಕೆಳಗಿರೋ ಕರೀ ಕಲ್ಲು ಅಷ್ಟು ಸುಲಭಕ್ಕೆ ನೀರನ್ನ ಬಿಟ್ಟುಕೊಡಲ್ಲ. ಎರಡರ ಮಧ್ಯೆ ನಿಂತ ನೀರು ಗುಡ್ಡದ ಅಂಚಿನಲ್ಲಿ ಒರತೆಯಾಗಿ ಬರುತ್ತೆ. ಗುರು ನಾನಕರ ಹೆಸರು ಹೊತ್ತ ನಾನಕ್ ಝೀರಾ ಗುರುದ್ವಾರದಲ್ಲಿ ಅದೇ ನೀರು. ಝರಣಿ ನರಸಿಂಹನ ಗುಹೆಯಲ್ಲಿ ಜನ ಎದೆಮಟ್ಟದ ನೀರಲ್ಲಿ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು, ನಡೆದು ಹೋಗಿ ದೇವರನ್ನ ನೋಡ್ತಾರೆ. ಅಲ್ಲೂ ಅದೇ ನೀರು.

ಬೀದರ್ ಪಕ್ಕದ ನೌಬಾದ್‌ನ ಸುರಂಗ ಬಾವಿ ಮಾತ್ರ ಮನುಷ್ಯರ ಕೆಲಸ. ಇರಾನಿನವರು ಖನಾತ್ ಅಂತಾರೆ, ಇಲ್ಲಿ ಕರೇಜ್. ನೆಲದಡಿ ಸುರಂಗ ತೋಡಿ, ಸಣ್ಣ ಇಳಿಜಾರು ಕೊಟ್ಟು, ನೀರು ತಾನಾಗಿ ಹರಿದು ಬರೋ ಹಾಗೆ ಮಾಡಿದ್ದಾರೆ. ಗಾಳಿಗೂ ಹೂಳು ತೆಗೆಯೋಕೂ ಅಲ್ಲಲ್ಲಿ ಬಾವಿ. ಒಂದು ಬಾವಿಯ ಕಟ್ಟೆ ಮೇಲೆ ಬಗ್ಗಿ ನೋಡಿದಾಗ ಕೆಳಗೆ ನೀರಿನ ಸದ್ದು ಕೇಳಿಸ್ತು. ಇಂಥ ಬಾವಿಗಳಿಗೆ ಕಸ ಸುರಿಯೋದನ್ನ ದಯವಿಟ್ಟು ಯಾರೂ ಮಾಡಬೇಡಿ. ಈ ಒಂದು ಮಾತನ್ನ ಕೈಮುಗಿದು ಕೇಳ್ತೀನಿ.

ಇದು ಮದರಸಾ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. 1481ರಲ್ಲಿ ಒಂದು ಸುಳ್ಳು ಪತ್ರ ನಂಬಿ ಸುಲ್ತಾನ ಅವನ ತಲೆ ತೆಗೆಸಿದ. 17ನೇ ಶತಮಾನದ ಕೊನೆಗೆ ಒಳಗಿದ್ದ ಸಿಡಿಮದ್ದು ಹೊತ್ತಿ ಮುಂಭಾಗದ ಅರ್ಧ ಹೋಯ್ತು, ಒಂದು ಮಿನಾರ್ ಉಳೀತು. ಉಳಿದ ನೀಲಿ, ಹಳದಿ, ಬಿಳಿ ಹೆಂಚುಗಳ ಮುಂದೆ ನಾನು ಏನೂ ಮಾತಾಡಿಲ್ಲ. ಆ ಎರಡು ನಿಮಿಷ ಹಾಗೇ ಬಿಟ್ಟಿದ್ದೀನಿ, ನೋಡಿ.

ಎರಡನೇ ದಿನ ಸಂಜೆ ಬೀದರ್ ಪಕ್ಕದ ಅಷ್ಟೂರಿಗೆ ಹೋದ್ವಿ. ಅಹ್ಮದ್ ಷಾ ಮಲಗಿರೋದು ಇಲ್ಲೇ. ಮುಸ್ಲಿಮರಿಗೆ ಆತ ವಲಿ, ಅಂದ್ರೆ ಸಂತ; ಲಿಂಗಾಯತರಿಗೆ ಅಲ್ಲಮಪ್ರಭು. ಹೋಳಿ ಕಳೆದ ಮೇಲೆ ಇಲ್ಲಿ ಜಾತ್ರೆ, ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರ್ತಾರೆ. ಸಮಾಧಿಗೆ ತೆಂಗಿನಕಾಯಿನೂ ಬರುತ್ತೆ, ಹೂವಿನ ಚಾದರನೂ ಬರುತ್ತೆ.

ಹೊರಡೋ ಮುಂಚೆ ಮತ್ತೆ ಚಾಚಾನ ಹತ್ರ. ಅಮ್ಮನಿಗೆ ಅಂತ ಹೇಳಿದ್ದ ಕುಂಕುಮದ ಡಬ್ಬಿ ಬೂದು ಬಣ್ಣದಲ್ಲಿ ಕಾಯ್ತಿತ್ತು. ಬಾಣಲೆಯಲ್ಲಿ ನೀರು, ನವಸಾಗರ ಅನ್ನೋ ಲವಣ, ಆ ಮಣ್ಣು ಕುದೀತಿತ್ತು. ಚಾಚಾ ಡಬ್ಬಿಯನ್ನ ಅದರಲ್ಲಿ ಇಳಿಬಿಟ್ಟು, ಮುಳುಗಿಸಿ, ತಿರುಗಿಸಿ ಎತ್ತಿದ್ರು. ಲೋಹ ಕಾಡಿಗೆಯಷ್ಟು ಕಪ್ಪಾಗಿತ್ತು. ಬೆಳ್ಳಿ ಮಾತ್ರ ಬೆಳ್ಳಿಯಾಗೇ ಉಳಿದಿತ್ತು.

ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈ ಮೇಲೆ ಇಟ್ರು. ಇನ್ನೂ ಬಿಸಿ ಇತ್ತು. "ಕಪ್ಪು ಮಾಸಿದ್ರ ಗಾಬರಿ ಆಗಬ್ಯಾಡ ಅಂತ ಅವ್ವಾರಿಗೆ ಹೇಳ್ರಿ," ಅಂದ್ರು. "ಚೂರು ಕೊಬ್ಬರಿ ಎಣ್ಣಿ ಹಚ್ಚಿ ಒರೆಸಿದ್ರ ಸಾಕು."